ಗಾಳಿ ಏರೋತನಕ

ಬ್ಯಾಡಗಿ ಪೇಟೆಗೆ ಬರುತ್ತಿದ್ದ ಹಳೆಯ ಲಾರಿಗಳ ಡ್ರೈವರುಗಳಿಗೆ, ಎಂಜಿನ್ ಬೆಚ್ಚಗಾದ ಮೇಲೆ ಹೊರಡಬೇಕೆಂದು ಯಾರೂ ಪಾಠ ಹೇಳಿರಲಿಲ್ಲ. ಅದನ್ನು ಬ್ರೇಕೇ ಹೇಳುತ್ತಿತ್ತು. ರಾತ್ರಿಯೆಲ್ಲ ನಿಂತ ಗಾಡಿಯ ಟ್ಯಾಂಕಿನಿಂದ ಗಾಳಿ ಸೋರಿರುತ್ತದೆ. ಕಂಪ್ರೆಸರ್ ಮತ್ತೆ ಗಾಳಿ ತುಂಬಿ ಮೀಟರಿನ ಮುಳ್ಳು ಮೇಲೇರುವ ಮೊದಲೇ ಗಾಡಿ ಬಿಟ್ಟರೆ ಬ್ರೇಕು ಹಿಡಿಯದು. ಹಾಗಾಗಿ ಕ್ಲೀನರ್ ಹುಡುಗ ನಸುಕಿನಲ್ಲೇ ಎದ್ದು ಗಾಡಿ ಚಾಲೂ ಮಾಡಬೇಕು, ಡ್ರೈವರ್ ಅಷ್ಟರಲ್ಲಿ ಮುಖ ತೊಳೆದು ಚಹಾ ಕುಡಿಯಬೇಕು. "ಏರ್ ಹಿಡದೈತೇನೋ ತಮ್ಮಾ?" "ಹಿಡಿಯಾಕ್ಹತ್ತೈತಿ ಅಣ್ಣಾ." ಈ ಸವಾಲ್-ಜವಾಬು ಮುಗಿಯುವ ಹೊತ್ತಿಗೆ ಎಂಜಿನ್ನಿನ ಮೂಲೆಮೂಲೆಗೂ ಆಯಿಲ್ ಹರಿದಿರುತ್ತಿತ್ತು. ನಮ್ಮ ಕಾಕಾನ ಗ್ಯಾರೇಜು ಮೋಟೆಬೆನ್ನೂರು ಕಡೆ. ನಾನು ಸ್ಪ್ಯಾನರ್ ಹಿಡಿದದ್ದು ಅಲ್ಲೇ, ಇಂಥ ಗಾಡಿಗಳ ಕೆಳಗೆ.

ಆ ಗಾಡಿಗಳಿಗೆ ನಮ್ಮಲ್ಲಿ ಬೆಂಜ್ ಎಂದೇ ಹೆಸರು. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿದ್ದು 1954ರಲ್ಲಿ. 1969ರಲ್ಲಿ ಆ ಕರಾರು ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಆ ಎಂಜಿನ್ನುಗಳಿಗೆ ಟರ್ಬೊ ಇರಲಿಲ್ಲ. ಹೇಗೆ ಓಡಿಸಿದರೂ, ಎಲ್ಲಿ ಬಂದ್ ಮಾಡಿದರೂ ಸಹಿಸಿಕೊಂಡವು. ಹಾಗೆ ನೋಡಿದರೆ ಜೋರಾಗಿ ಓಡಿಸಲು ರಸ್ತೆಯೇ ಎಲ್ಲಿತ್ತು? ಪುಣೆ-ಬೆಂಗಳೂರು ರಸ್ತೆ ಹಾವೇರಿ, ರಾಣೆಬೆನ್ನೂರು ಊರುಗಳೊಳಗೇ ನುಗ್ಗಿ ಹೋಗುತ್ತಿತ್ತು. ಚಕ್ಕಡಿ, ಎಮ್ಮೆ, ಸಂತೆಯ ಜನ, ಇವುಗಳ ನಡುವೆ ಲಾರಿ ಎರಡನೇ ಗೇರಿನಲ್ಲಿ ತೆವಳಬೇಕು. ಊಟಕ್ಕೆ ನಿಲ್ಲುವುದೂ ಊರ ಹತ್ತಿರವೇ. ನಿಲ್ಲುವ ಹೊತ್ತಿಗೆ ಎಂಜಿನ್ ತಾನೇ ತಣ್ಣಗಾಗಿರುತ್ತಿತ್ತು.

ಬ್ಯಾಡಗಿಯಲ್ಲಂತೂ ಇದು ಇನ್ನೂ ಹೆಚ್ಚು. ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನಿಂದ ಒಳಗೆ ತಿರುಗಿದ ಲಾರಿ ಪೇಟೆ ಮುಟ್ಟುವುದು ನಿಧಾನಕ್ಕೆ. ಸೋಮವಾರ, ಗುರುವಾರ ಟೆಂಡರಿನ ದಿನ, ಜನವರಿಯಿಂದ ಸುಗ್ಗಿಯ ಭರಾಟೆಯಲ್ಲಿ ಗಾಡಿಗಳ ಸಾಲು ಅಂಗುಲ ಅಂಗುಲವಾಗಿ ಸರಿಯುತ್ತದೆ. ದರ ಒಡೆದು, ತೂಕವಾಗಿ, ಹಮಾಲರು ಚೀಲ ಏರಿಸಿ, ತಾಡಪತ್ರಿ ಬಿಗಿದು ಹೊರಡುವಾಗ ರಾತ್ರಿ. ಒಣಮೆಣಸಿನಕಾಯಿ ಹಗುರ ಮಾಲು, ತೂಕಕ್ಕಿಂತ ಎತ್ತರವೇ ಜಾಸ್ತಿ. ವಾಲುವ ಲೋಡನ್ನು ಊರ ತಿರುವುಗಳಲ್ಲಿ ಯಾವ ಡ್ರೈವರೂ ಓಡಿಸುವುದಿಲ್ಲ. ಅಂದರೆ ಪೇಟೆಗೆ ಬರುವಾಗ ಎಂಜಿನ್ ಆರುತ್ತಿತ್ತು, ಹೋಗುವಾಗ ನಿಧಾನಕ್ಕೆ ಕಾಯುತ್ತಿತ್ತು. ಎರಡೂ ಯಾರ ಗಮನಕ್ಕೂ ಬಾರದ ಕೆಲಸ.

ಟರ್ಬೊ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಅದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು. ಹೆಚ್ಚು ಗಾಳಿ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತದೆ, ಶಕ್ತಿ ಜಾಸ್ತಿ, ಕರಿಹೊಗೆ ಕಡಿಮೆ. ನಮ್ಮ ದೇಶದ ಲಾರಿಗಳಿಗೆ ಅದು ಒತ್ತೊತ್ತಾಗಿ ಬಂದದ್ದು 1993ರಲ್ಲಿ ಟಾಟಾ-ಕಮ್ಮಿನ್ಸ್ ಕೂಡು ಕಂಪನಿ ಶುರುವಾದ ಮೇಲೆ, ಮುಖ್ಯವಾಗಿ 2000ದಿಂದ ಹೊಗೆಯ ಕಾಯಿದೆಗಳು ಬಿಗಿಯಾದ ಮೇಲೆ. ಗ್ಯಾರೇಜಿನಲ್ಲಿ ನಮಗೆ ಅದು ಮೊದಲು ಕಿವಿಗೇ ಗೊತ್ತಾಯಿತು. ಎಕ್ಸಲೇಟರ್ ಒತ್ತಿದರೆ ಸಣ್ಣಗೆ ಸೀಟಿ.

ಆ ಸೀಟಿಯ ಹಿಂದಿನ ಸಂಗತಿ ಸ್ವಲ್ಪ ಭಯದ್ದೇ. ಆ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಕಾರುಗಳ ಸಣ್ಣ ಟರ್ಬೊಗಳಲ್ಲಿ ಇನ್ನೂ ಜಾಸ್ತಿ. ಒಂದು ಬದಿಯ ಚಕ್ರಕ್ಕೆ ಬಡಿಯುವ ಹೊಗೆಯ ಕಾವು ಭರ್ತಿ ಲೋಡಿನಲ್ಲಿ 600–700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ದಂಡವನ್ನು ಎತ್ತಿ ಹಿಡಿದಿರುವುದು ಬರೀ ಆಯಿಲಿನ ತೆಳುಪದರ. ಎಂಜಿನ್ ಬಂದ್ ಆದರೆ ಆಯಿಲ್ ಪಂಪೂ ಬಂದ್. ಚಕ್ರ ಮಾತ್ರ ಇನ್ನೂ ತಿರುಗುತ್ತಿರುತ್ತದೆ, ಕಾವು ಬೇರಿಂಗಿನ ಕಡೆ ಹರಿಯುತ್ತದೆ, ಅಲ್ಲಿ ನಿಂತ ಆಯಿಲ್ ಸುಟ್ಟು ಬಾಣಲೆಯ ತಳಕ್ಕೆ ಹತ್ತಿದ ಒಗ್ಗರಣೆಯ ಹಾಗೆ ಕರಿಗಟ್ಟುತ್ತದೆ. ಬೆಳಿಗ್ಗೆ ತಣ್ಣಗಿನ ದಪ್ಪ ಆಯಿಲ್ ಟರ್ಬೊ ತನಕ ಏರಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ರೇಸ್ ಕೊಟ್ಟರೆ ಬೇರಿಂಗ್ ಒಣಗಿಯೇ ಉಜ್ಜುತ್ತದೆ.

ಕೆಟ್ಟ ಟರ್ಬೊ ಪತ್ತೆಗೆ ದೊಡ್ಡ ಯಂತ್ರವೇನೂ ಬೇಡ. ಗಾಳಿ ಪೈಪ್ ಕಳಚಿ, ದಂಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಬೇಕು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರಲಿ, ಚಕ್ರ ಗೋಡೆಗೆ ತಾಗಿದರೆ ಮುಗಿಯಿತು. ನೀಲಿ ಹೊಗೆ ಬಂದರೆ ಸೀಲು ಹೋಗಿ ಆಯಿಲ್ ಒಳಗೆ ಎಳೆಯುತ್ತಿದೆ. ಹೊಸದು ಕೂಡಿಸುವಾಗ ಆಯಿಲ್ ಬಾಯಿಗೆ ಮೊದಲು ಕೈಯಿಂದಲೇ ಆಯಿಲ್ ಸುರಿದು, ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಆಮೇಲೆ ಗಾಡಿ ಚಾಲೂ ಮಾಡುವ ಕ್ರಮ ಕಾಕಾ ಎಂದೂ ತಪ್ಪಿಸಲಿಲ್ಲ. ಬ್ಯಾಡಗಿ ಗಾಡಿಯ ಏರ್ ಫಿಲ್ಟರ್ ಬಿಚ್ಚಿದವನು ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಳ್ಳುವುದು ಮೇಲು. ಪೇಟೆಯ ಘಾಟೆಲ್ಲ ಅದರಲ್ಲೇ ಕೂತಿರುತ್ತದೆ.

ತೊಂದರೆ ಬಂದದ್ದು ಟರ್ಬೊದಿಂದಲ್ಲ, ಅದರ ಜೊತೆಗೇ ಬಂದ ರಸ್ತೆಯಿಂದ ಎಂಬುದು ನನ್ನ ತರ್ಕ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಮ್ಮ ರಸ್ತೆ ಅಗಲವಾಗಿ ಊರುಗಳನ್ನು ಪಕ್ಕಕ್ಕೆ ಬಿಟ್ಟಿತು. ತಾಸುಗಟ್ಟಲೆ ಒಂದೇ ಓಟ, ಎದುರಿಗೆ ಧಾಬಾ ಕಂಡೊಡನೆ ಎಡಕ್ಕೆ ಎಳೆದು ಚಾವಿ ತಿರುವುವುದು. ನಡುವೆ ಎರಡನೇ ಗೇರಿನ ಊರೇ ಇಲ್ಲ. ಇನ್ನು ಕಾರು-ಜೀಪುಗಳವರಿಗೆ ಏರ್ ಬ್ರೇಕಿನ ಕಟ್ಟುಪಾಡೂ ಇಲ್ಲ. 1998ರಲ್ಲಿ ಸಫಾರಿ, 2002ರಲ್ಲಿ ಸ್ಕಾರ್ಪಿಯೊ, 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದು, ಟರ್ಬೊ ದಲಾಲಿ ಅಂಗಡಿಯವರ ಮನೆ ಮುಂದೆಯೂ ನಿಂತಿತು. ಹುಬ್ಬಳ್ಳಿಯಿಂದ ಹಾರಿಸಿಕೊಂಡು ಬಂದು ಗ್ಯಾರೇಜಿನ ಮುಂದೆ ಬಂದ್ ಮಾಡಿದ ವ್ಯಾಪಾರಿಯೊಬ್ಬರಿಗೆ ಕಾಕಾ ಅಂದಿದ್ದ: "ಸಾಹುಕಾರ್ರ, ನೀವು ಇಳದ ಮ್ಯಾಲೂ ಅದು ಇನ್ನೂ ಓಡಾಕ್ಹತ್ತೈತ್ರಿ. ಒಂದೀಟು ಸ್ಲೋದಾಗ ಬಿಡ್ರಿ." ಅವರು ನಕ್ಕು ಡೀಸೆಲ್ಲಿನ ದರ ಹೇಳಿದರು.

ಅವರ ಮಾತೂ ಪೂರ್ತಿ ಸುಳ್ಳಲ್ಲ. ಅರ್ಧ ತಾಸು ಗಾಡಿಯನ್ನು ಸ್ಲೋದಲ್ಲಿ ಬಿಟ್ಟು ಚುಟ್ಟಾ ಸೇದುವ ಹಳೆಯ ಡ್ರೈವರುಗಳ ಚಾಳಿಯನ್ನು ನಾನು ಒಪ್ಪುವುದಿಲ್ಲ. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಮಸಿ ಕಟ್ಟುತ್ತದೆ. ಚಾಲೂ ಮಾಡಿ ಅರ್ಧ ನಿಮಿಷ ಬಿಟ್ಟು, ಮೊದಲ ಕೆಲವು ಕಿಲೋಮೀಟರ್ ಹಗುರ ಕಾಲಲ್ಲಿ ಓಡಿಸಿದರೆ ಸಾಕು. ನಿಲ್ಲಿಸುವ ಮುಂಚಿನ ಕೊನೆಯ ಕಿಲೋಮೀಟರ್ ಮೆಲ್ಲಗೆ ಬಂದರೆ ಕಾಯುವ ಕೆಲಸವೂ ಇಲ್ಲ. ಭರ್ತಿ ಲೋಡಿನಲ್ಲಿ ದಮ್ಮು ಕಟ್ಟಿ ಓಡಿ ಬಂದಿದ್ದರೆ ಮಾತ್ರ ಎರಡು-ಮೂರು ನಿಮಿಷ. ಈಗಿನ ಎಷ್ಟೋ ಕಾರುಗಳ ಟರ್ಬೊಗೆ ನೀರಿನ ತಂಪೂ ಇದೆ, ಆಯಿಲೂ ಸುಧಾರಿಸಿದೆ. ಆದರೂ ಮುಂಬಯಿ ಕಡೆಯಿಂದ ಭರ್ತಿ ಲೋಡು ಎಳೆದು ಬಂದ ಲಾರಿಗೆ ಈ ಲೆಕ್ಕ ಬದಲಾಗಿಲ್ಲ.

ಅಗಲ ರಸ್ತೆಯಲ್ಲೂ ಗಾಡಿಗಳು ಒಂದಿಷ್ಟು ತೆವಳುತ್ತಿದ್ದ ಜಾಗ ಎಂದರೆ ಚಳಗೇರಿ, ಬಂಕಾಪುರದ ಟೋಲ್ ಗೇಟುಗಳು. ಚಿಲ್ಲರೆಗಾಗಿ ಜಗಳ, ಮುಂದಿನವನ ರಸೀದಿ, ಅಷ್ಟರಲ್ಲಿ ಎಂಜಿನ್ ಆರುತ್ತಿತ್ತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಆ ಸಾಲೂ ಕರಗಿತು. ಟೋಲ್ ದಾಟಿ ಹತ್ತಿರದ ಧಾಬಾಕ್ಕೆ ನುಗ್ಗುವ ಹೊಸ ಹುಡುಗರಿಗೆ ನಾನು ಹೇಳುವುದಿಷ್ಟೇ: ಮನೆಗೆ ಫೋನ್ ಹಚ್ಚುವುದಿದ್ದರೆ ಚಾವಿ ತಿರುವುವ ಮೊದಲೇ ಹಚ್ಚು.