ಮಚಾಕೋಸ್: ಜುಲುಮೆಗೆ ನಿಲ್ಲದ ಮಣ್ಣು ಮುಯ್ಯಾಳಿಗೆ ನಿಂತಿತು

ತೊಗರಿ ದರ ಇಳಿದಾಗಲೆಲ್ಲ ಕಲಬುರಗಿ ಕಡೆಯ ಎಪಿಎಂಸಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಆಫ್ರಿಕಾ ಮಾಲು ಬಂದದ." ಆ ಮಾಲು ಬೆಳೆಯುವವರು ಯಾರು, ಅವರ ಹೊಲ ಹೇಗಿದೆ, ಅವರಿಗೆ ಮಳೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಾವೂ ಬಹಳ ದಿನ ಕೇಳಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ತೊಗರಿ ದರದ ಕಥೆಯಲ್ಲ, ಮಣ್ಣಿನ ಕಥೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ನಮ್ಮ ದೇಶಕ್ಕೆ ಆಫ್ರಿಕಾದಿಂದ ಬರುವ ತೊಗರಿಯಲ್ಲಿ ಹೆಚ್ಚಿನದು ಮೊಜಾಂಬಿಕ್, ತಾಂಜಾನಿಯಾ, ಮಲಾವಿ ದೇಶಗಳದ್ದು. ಕೀನ್ಯಾದಲ್ಲೂ ತೊಗರಿ ಬೆಳೆಯುತ್ತಾರೆ, ಆದರೆ ಅದರಲ್ಲಿ ಬಹಳಷ್ಟು ಅಲ್ಲಿಯೇ ಊಟಕ್ಕೆ ಖರ್ಚಾಗುತ್ತದೆ. ಅವರು ನಮ್ಮಂತೆ ಬೇಳೆ ಒಡೆಸುವುದು ಕಡಿಮೆ. ಹಸಿ ಕಾಳನ್ನೋ ಒಣಗಿದ ಇಡೀ ಕಾಳನ್ನೋ ಮೆಕ್ಕೆಜೋಳದ ಜೊತೆ ಬೇಯಿಸಿ ಉಣ್ಣುತ್ತಾರೆ. ತೊಗರಿ ನಮ್ಮ ಭಾರತದಲ್ಲಿ ಮೊದಲು ಬೇಸಾಯಕ್ಕೆ ಬಂದು ಬಹು ಹಿಂದೆಯೇ ಸಮುದ್ರ ದಾಟಿ ಅಲ್ಲಿಗೆ ಹೋದ ಬೆಳೆ. ನಮ್ಮ ರಾಗಿ ಅದಕ್ಕೆ ತಿರುಗುಮುರುಗು. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ.

ಕೀನ್ಯಾದಲ್ಲಿ ತೊಗರಿಯ ಸೀಮೆ ಎಂದರೆ ಉಕಂಬಾನಿ, ಅಂದರೆ ಅಕಂಬಾ ಜನರ ನಾಡು. ಅದರ ಹಳೆಯ ಜಿಲ್ಲೆ ಮಚಾಕೋಸ್. ರಾಜಧಾನಿ ನೈರೋಬಿಯಿಂದ ಆಗ್ನೇಯಕ್ಕೆ ಸುಮಾರು 60 ಕಿ.ಮೀ. ಹೋದರೆ ಮಚಾಕೋಸ್ ಪಟ್ಟಣ ಸಿಗುತ್ತದೆ. ಸುತ್ತ ಇವೆಟಿ, ಮುವಾ, ಎಂಬೂನಿ, ಕಿಲುಂಗು ಎಂಬ ಗುಡ್ಡಗಳು. ಗುಡ್ಡದ ಮೇಲೆ ತಂಪು, ಮಳೆ ಚೆನ್ನಾಗಿ. ಕೆಳಗಿಳಿದಂತೆಲ್ಲ ಬಿಸಿಲು ಏರುತ್ತದೆ, ಮಳೆ ಇಳಿಯುತ್ತದೆ, ಕಡೆಗೆ ಕುರುಚಲು ಮುಳ್ಳುಕಂಟಿಯ ಬಯಲು. ಪೂರ್ವಕ್ಕೆ ಯಟ್ಟಾ ಎಂಬ ಚಪ್ಪಟೆ ದಿಬ್ಬ, ಹಳೇ ಜ್ವಾಲಾಮುಖಿಯ ಲಾವಾ ಹರಿದು ಆದದ್ದು, ಸುಮಾರು 300 ಕಿ.ಮೀ. ಉದ್ದ. ಮಳೆಗಾಲ ವರ್ಷಕ್ಕೆ ಎರಡು: ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಎರಡು ಮಳೆಗಾಲ ಅಂದಾಕ್ಷಣ ಹೊಟ್ಟೆಕಿಚ್ಚು ಪಡಬೇಡಿ. ಎರಡೂ ಕೈಕೊಡುವ ವರ್ಷಗಳು ಬೇಕಾದಷ್ಟು.

ಆ ವರ್ಷಗಳಿಗೆ ಅಕಂಬಾ ಜನ ಹೆಸರಿಡುತ್ತಾರೆ. 1961ರದ್ದು ವಿಮಾನದ ಬರ. ಆಗ ವಿಮಾನದಿಂದ ಆಹಾರ ಬೀಳಿಸಿದ್ದರು. 1965ರದ್ದು 'ಅಟ್ಟಾ' ಬರ. ಪರಿಹಾರವಾಗಿ ಹಂಚಿದ ಹಿಟ್ಟಿನಿಂದ ಬಂದ ಹೆಸರು, ಹಿಂದಿಯ ಆಟಾ ಎಂಬ ಮಾತೇ ಅಲ್ಲಿಗೂ ಹೋಗಿ ಕೂತಿದೆ. 1984ರ ಬರದ ಹೆಸರಿನ ಅರ್ಥ 'ಕೈಯಲ್ಲಿ ದುಡ್ಡು ಹಿಡಿದುಕೊಂಡೇ ಸಾಯುತ್ತೇನೆ' ಎಂದು. ದುಡ್ಡಿತ್ತು, ಕೊಳ್ಳಲು ಕಾಳಿರಲಿಲ್ಲ. ಒಂದು ಹೆಸರಿನಲ್ಲಿ ಇಷ್ಟು ವರದಿ ತುಂಬಲು ನಮ್ಮಂಥ ಪತ್ರಕರ್ತರಿಗೂ ಆಗುವುದಿಲ್ಲ.

ಬ್ರಿಟಿಷರು ಒಳನಾಡಿನಲ್ಲಿ ಮೊದಮೊದಲು ಠಾಣ್ಯ ಹಾಕಿದ ಊರುಗಳಲ್ಲಿ ಮಚಾಕೋಸ್ ಒಂದು. ಮಸಾಕು ಎಂಬ ಅಕಂಬಾ ಮುಖಂಡನ ಹೆಸರೇ ಅವರ ಬಾಯಲ್ಲಿ ಮಚಾಕೋಸ್ ಆಯಿತು. ಆದರೆ ಮೊಂಬಾಸಾದಿಂದ ಬಂದ ರೈಲು ಈ ಗುಡ್ಡಗಳನ್ನು ಬಿಟ್ಟು ಬಯಲಲ್ಲೇ ಹಾದು 1899ರಲ್ಲಿ ನೈರೋಬಿ ಮುಟ್ಟಿತು. ಕಚೇರಿಗಳೂ ಅತ್ತಲೇ ಹೋದವು. ಅದೇ ಹೊತ್ತಿಗೆ ಇಲ್ಲಿ ದೊಡ್ಡ ಬರ, ಜೊತೆಗೆ ಸಿಡುಬು. ಅದಕ್ಕೂ ಮೊದಲೇ ದನಗಳಿಗೆ ದೊಡ್ಡರೋಗ ಬಂದು ಕೊಟ್ಟಿಗೆಗಳು ಖಾಲಿಯಾಗಿದ್ದವು.

ಆಮೇಲೆ ಜಮೀನಿನ ಸರದಿ. ಮುವಾ ಗುಡ್ಡದಂಥ ಒಳ್ಳೆಯ ನೆಲ ಬಿಳಿಯ ಜಮೀನ್ದಾರರ ಪಾಲಾಯಿತು. ಯಟ್ಟಾ ಕಡೆಯ ಮೇವಿನ ಬಯಲು ಸರ್ಕಾರದ್ದಾಯಿತು. ಅಕಂಬಾ ಜನರಿಗೆ ಗೆರೆ ಹಾಕಿ 'ರಿಸರ್ವ್' ಎಂದು ಉಳಿಸಿದ್ದರೊಳಗೆ ಜನವೂ ದನವೂ ಬೆಳೆದವು. ಮೊದಲು ಒಂದು ಕಡೆ ಮೇವು ಮುಗಿದರೆ ಇನ್ನೊಂದು ಕಡೆ ಹೊಡೆದುಕೊಂಡು ಹೋಗುತ್ತಿದ್ದರು. ಈಗ ಆ ಇನ್ನೊಂದು ಕಡೆ ಬೇಲಿ. ಅದೇ ಗುಡ್ಡ, ಅದೇ ಇಳಿಜಾರನ್ನು ದನ ಮತ್ತೆ ಮತ್ತೆ ಮೇಯ್ದವು. ಹುಲ್ಲು ಹೋಯಿತು. ಜೋರು ಮಳೆಗೆ ಮಣ್ಣು ಹೋಯಿತು. ಕೊರಕಲು ಬಿದ್ದವು.

1937ರಲ್ಲಿ ಕಾಲಿನ್ ಮಾಹೆರ್ ಎಂಬ ಕೃಷಿ ಅಧಿಕಾರಿ ಈ ರಿಸರ್ವ್‌ನ ಮಣ್ಣಿನ ಸವಕಳಿ ಬಗ್ಗೆ ಫೋಟೋ ಸಮೇತ ವರದಿ ಬರೆದರು. ಅದರ ಸಾರ ಇಷ್ಟು: ಈ ನಾಡು ಕೆಲವೇ ವರ್ಷಗಳಲ್ಲಿ ಬರೀ ಕಲ್ಲು ಮರಳಿನ ಮರುಭೂಮಿ ಆಗುತ್ತದೆ, ಜನ ಬಡತನಕ್ಕೆ ಬಿದ್ದಿದ್ದಾರೆ. ನೆಲದ ಸ್ಥಿತಿ ಅವರು ಕಂಡಂತೆಯೇ ಕೆಟ್ಟಿತ್ತು, ಅದರಲ್ಲಿ ಸುಳ್ಳಿಲ್ಲ. ತಪ್ಪು ಯಾರದ್ದು ಎಂಬಲ್ಲಿ ಮಾತ್ರ ಸರ್ಕಾರದ ಬೆರಳು ಒಂದೇ ಕಡೆ ಹೋಯಿತು. ದನ ಹೆಚ್ಚಾಗಿವೆ, ಜನಕ್ಕೆ ಬುದ್ಧಿಯಿಲ್ಲ. ಬೇಲಿ ಹಾಕಿದ್ದು ಯಾರು ಎಂಬುದು ಮರೆತುಹೋಯಿತು.

1938ರಲ್ಲಿ ಸರ್ಕಾರ ದನ ಕಡಿಮೆ ಮಾಡಲು ಇಳಿಯಿತು. ಪ್ರತಿ ಮನೆಗೆ ಇಷ್ಟೇ ಎಂದು ಲೆಕ್ಕ ಕಟ್ಟಿ, ಮಿಕ್ಕದ್ದನ್ನು ಎಳೆದುಕೊಂಡು ಹೋಗಿ ಹರಾಜು ಹಾಕಿದರು. ಅದೇ ಸುಮಾರಿಗೆ ಹತ್ತಿರದ ಆತಿ ರಿವರ್ ಎಂಬಲ್ಲಿ ಲೀಬಿಗ್ ಕಂಪನಿಯ ಮಾಂಸದ ಕಾರ್ಖಾನೆ ಶುರುವಾಗಿತ್ತು, ಅದಕ್ಕೆ ಅಗ್ಗದ ದನ ಬೇಕಿತ್ತು. ಅಕಂಬಾ ಮನೆಯಲ್ಲಿ ದನ ಎಂದರೆ ಬ್ಯಾಂಕು, ಮದುವೆಯ ತೆರ, ಬರಕ್ಕೆ ಇಟ್ಟ ಇಡುಗಂಟು. ಅದನ್ನು ಕೊಟ್ಟಷ್ಟು ಬೆಲೆಗೆ ಬಿಡು ಎಂದರೆ ಬಿಡುವವರು ಯಾರು?

ಮುಯಿಂದಿ ಎಂಬಿಂಗು ಎಂಬವರ ಮುಂದಾಳತ್ವದಲ್ಲಿ ಆ ವರ್ಷದ ಜುಲೈನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಕಟ್ಟಿಕೊಂಡು ನೈರೋಬಿಗೆ ಹೊರಟರು. ಗವರ್ನರ್ ಬಂದು ಮಾತಾಡುವವರೆಗೂ ಏಳುವುದಿಲ್ಲ ಎಂದು ವಾರಗಟ್ಟಲೆ ಅಲ್ಲೇ ಬೀಡುಬಿಟ್ಟರು. ಕೊನೆಗೆ ಗವರ್ನರ್ ಬ್ರೂಕ್-ಪೋಫಮ್ ಮಚಾಕೋಸ್‌ಗೆ ಬಂದು ಜನರ ಮುಂದೆ ನಿಲ್ಲಬೇಕಾಯಿತು. ಪೊಲೀಸು, ಸೈನ್ಯದಲ್ಲಿ ಅಕಂಬಾ ಹುಡುಗರು ತುಂಬಾ ಇದ್ದರು. ಅವರ ಊರಿನ ಸಿಟ್ಟು ಅವರವರೆಗೆ ಹೋದರೆ ಎಂಬ ಭಯ ಸರ್ಕಾರಕ್ಕೆ ಇತ್ತು. ಎಂಬಿಂಗು ಅವರನ್ನು ಹಿಡಿದು ದೂರದ ಲಾಮು ದ್ವೀಪಕ್ಕೆ ಗಡೀಪಾರು ಮಾಡಿದರು. ಆದರೆ ವರ್ಷ ಮುಗಿಯುವುದರೊಳಗೆ ಬಲವಂತದ ಹರಾಜೂ ನಿಂತಿತು. ಇವತ್ತು ನೈರೋಬಿಯ ನಡುಮಧ್ಯೆ ಒಂದು ಬೀದಿಗೆ ಅವರ ಹೆಸರಿದೆ.

ಹರಾಜು ನಿಂತರೂ ಜುಲುಮೆ ನಿಲ್ಲಲಿಲ್ಲ, ವೇಷ ಬದಲಿಸಿತು. 1940ರ ದಶಕದಲ್ಲಿ ವಾರಕ್ಕೆ ಎರಡು ಬೆಳಗ್ಗೆ ಎಲ್ಲರೂ ಬದು ಹಾಕಲು ಬರಬೇಕು ಎಂಬ ಹುಕುಂ ಬಂತು. ಸಂಬಳವಿಲ್ಲ, ಬಿಟ್ಟಿ ಚಾಕರಿ. ಹಾಕಿದ್ದು ಸಣ್ಣ ಬದು, ಮಣ್ಣನ್ನು ತಗ್ಗಿನ ಕಡೆ ಎಸೆದು ಮಾಡಿದ್ದು. ಒಂದೆರಡು ಮಳೆಗೆ ಕೊಚ್ಚಿಹೋಗುತ್ತಿತ್ತು, ಮತ್ತೆ ಹುಕುಂ. ಯಾರ ಹೊಲದಲ್ಲಿ ಬದು ಬೇಕು ಎಂದು ಹೇಳುವವನು ಅಧಿಕಾರಿ. ಇಂಥ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದು ಓದುಗರಿಗೆ ನಾವು ಹೇಳಬೇಕಿಲ್ಲ. ಕಾಮಗಾರಿ ನೋಡಿದವರಿಗೆಲ್ಲ ಗೊತ್ತು.

ಅಕಂಬಾ ಜನರಲ್ಲಿ ಹಿಂದಿನಿಂದಲೂ ಎಂವೆತ್ಯಾ ಎಂಬ ಪದ್ಧತಿ ಇತ್ತು. ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮನೆ ಕಟ್ಟಲು, ಕಳೆ ತೆಗೆಯಲು ಹೀಗೆ ಸೇರುತ್ತಿದ್ದರು. 1950ರ ದಶಕದಲ್ಲಿ ಕೆಲವು ಅಧಿಕಾರಿಗಳಿಗೆ ಬುದ್ಧಿ ಬಂದು, ಬದುವಿನ ಕೆಲಸವನ್ನು ಈ ಎಂವೆತ್ಯಾ ಗುಂಪುಗಳಿಗೇ ಬಿಟ್ಟರು. ಗುಂಪು ತನ್ನ ಮುಖಂಡರನ್ನು ತಾನೇ ಆರಿಸಿಕೊಂಡಿತು. ಗುಂಪಿನಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರಲ್ಲಿ ಬಹಳ ಮಂದಿ ನೈರೋಬಿಯಲ್ಲೋ ಸೈನ್ಯದಲ್ಲೋ ಇರುತ್ತಿದ್ದರು.

ಬದುವಿನ ರೀತಿಯೂ ಬದಲಾಯಿತು. ಹೊಸ ಬಗೆಗೆ ಸ್ವಾಹಿಲಿಯಲ್ಲಿ 'ಫಾನ್ಯಾ ಜೂ' ಎನ್ನುತ್ತಾರೆ. 'ಮೇಲಕ್ಕೆ ಎಸಿ' ಎಂದು ಅರ್ಥ. ಇಳಿಜಾರಿಗೆ ಅಡ್ಡವಾಗಿ, ಮಟ್ಟ ನೋಡಿಕೊಂಡು ಕಾಲುವೆ ತೋಡುತ್ತಾರೆ. ತೋಡಿದ ಮಣ್ಣನ್ನು ತಗ್ಗಿಗೆ ಎಸೆಯುವುದಿಲ್ಲ, ಏರಿನ ಕಡೆಗೇ ಎತ್ತಿ ಹಾಕುತ್ತಾರೆ. ಅದು ಬದು. ಮಳೆಗೆ ಮೇಲಿಂದ ಜಾರಿ ಬರುವ ಮಣ್ಣು ಆ ಬದುವಿಗೆ ತಡೆದು ನಿಲ್ಲುತ್ತದೆ. ವರ್ಷ ವರ್ಷ ಹೀಗೆ ತುಂಬಿ, ಇಳಿಜಾರು ಹೊಲ ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗುತ್ತದೆ. ಬದುವಿನ ಮೇಲೆ ಮೇವಿನ ಹುಲ್ಲು ಹಚ್ಚುತ್ತಾರೆ, ಬದುವೂ ಗಟ್ಟಿ, ದನಕ್ಕೂ ಮೇವು. ಕಾಲುವೆಯಲ್ಲಿ ನೀರು ನಿಲ್ಲುವುದರಿಂದ ಅಲ್ಲಿ ಬಾಳೆಯೋ ಹಣ್ಣಿನ ಗಿಡವೋ. ಮಣ್ಣನ್ನು ಮೇಲಕ್ಕೆ ಎಸೆಯುವುದು ಕೆಳಕ್ಕೆ ಎಸೆಯುವುದಕ್ಕಿಂತ ಕಷ್ಟ, ಸೊಂಟ ಮುರಿಯುವ ಕೆಲಸ. ಆ ಕಷ್ಟ ಬಿದ್ದವರು ಯಾರು ಎಂಬುದು ಮೇಲಿನ ಪ್ಯಾರಾದಲ್ಲಿದೆ.

ಜನ ಯಾಕೆ ಈಗ ಮಾಡಿದರು? ಲಾಭ ಕಣ್ಣಿಗೆ ಕಂಡಿತು. ಬಹಳ ವರ್ಷ ಕಾಫಿ ಬೆಳೆಯುವ ಹಕ್ಕು ಬಿಳಿಯರಿಗೆ ಮಾತ್ರ ಎಂಬಂತಿತ್ತು. 1950ರ ದಶಕದಲ್ಲಿ ಅಕಂಬಾ ರೈತರಿಗೂ ಬಿಟ್ಟರು, ಆದರೆ ಮೆಟ್ಟಿಲು ಹೊಲದಲ್ಲಿ ಮಾತ್ರ. ಕಾಫಿಯ ಜೊತೆಗೆ ನೈರೋಬಿಯ ತರಕಾರಿ ಮಾರುಕಟ್ಟೆ ಹತ್ತಿರವಿತ್ತು, ಮಾವು, ಕಿತ್ತಳೆ ಬಂದವು. ಮಚಾಕೋಸ್ ಬಳಿಯ ಕಟುಮಾನಿ ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಬೇಗ ಕೊಯ್ಲಿಗೆ ಬರುವ ಮೆಕ್ಕೆಜೋಳದ ತಳಿ ಕೊಟ್ಟಿತು. ಮಳೆ ನಡುವೆ ಕೈಕೊಡುವ ಮುಂಚೆ ತೆನೆ ಕಟ್ಟುವ ತಳಿ. ರೈತರು ಅದನ್ನೂ ಕುರುಡಾಗಿ ನಂಬಲಿಲ್ಲ, ತಮ್ಮ ಹಳೇ ಬೀಜದ ಜೊತೆಗೇ ಇಟ್ಟುಕೊಂಡು ಬೆಳೆದರು.

1963ರಲ್ಲಿ ಸ್ವಾತಂತ್ರ್ಯ ಬಂದಾಗ ಒಂದು ತಮಾಷೆ ನಡೆಯಿತು. ಬದು ಎಂದರೆ ಪರಂಗಿಯವರ ಹುಕುಂ ಎಂಬ ನೆನಪಿನಿಂದ ಕೆಲಕಾಲ ಆ ಕೆಲಸವೇ ಮಂಕಾಯಿತು. ಆಮೇಲೆ ಯಾರ ಒತ್ತಾಯವೂ ಇಲ್ಲದೆ ಮತ್ತೆ ಶುರುವಾಯಿತು. ಅತಿ ಹೆಚ್ಚು ಬದು ಆದದ್ದು 1970, 80ರ ದಶಕಗಳಲ್ಲಿ. ಸ್ವೀಡನ್, ಯೂರೋಪ್ ಕಡೆಯ ನೆರವೂ ಆಗ ಬಂತು, ಗುದ್ದಲಿ ಸಲಿಕೆ ಹಂಚಿದರು. ಆದರೆ ಹೊಲದವರು ತಮ್ಮ ಕೈಯಿಂದ, ಮುಯ್ಯಾಳಿನಿಂದ, ಊರಿಗೆ ಬಂದ ಪಟ್ಟಣದ ಸಂಬಳದಿಂದ ಮಾಡಿಕೊಂಡದ್ದೂ ಕಡಿಮೆಯಲ್ಲ.

1990ರ ಸುಮಾರಿಗೆ ಮೇರಿ ಟಿಫನ್, ಮೈಕೆಲ್ ಮಾರ್ಟಿಮೋರ್, ಫ್ರಾನ್ಸಿಸ್ ಗಿಚುಕಿ ಎಂಬ ಸಂಶೋಧಕರು ಈ ಜಿಲ್ಲೆಯ 60 ವರ್ಷದ ಲೆಕ್ಕ ತೆಗೆದರು. 1937ರಲ್ಲಿ ಫೋಟೋ ತೆಗೆದಿದ್ದ ಜಾಗಗಳಿಗೆ ಹೋಗಿ ಮತ್ತೆ ಫೋಟೋ ತೆಗೆದರು. ಬೋಳು ಗುಡ್ಡ ಇದ್ದಲ್ಲಿ ಮೆಟ್ಟಿಲು ಹೊಲ, ಮರ. 1930ರಲ್ಲಿ ಸುಮಾರು 2.4 ಲಕ್ಷ ಇದ್ದ ಜನ 1990ಕ್ಕೆ ಸುಮಾರು 14 ಲಕ್ಷ ಆಗಿದ್ದರು. ಮಣ್ಣು ಮಾತ್ರ ಮೊದಲಿಗಿಂತ ಚೆನ್ನಾಗಿತ್ತು, ತಲಾ ಬೆಳೆಯ ಮೌಲ್ಯವೂ ಏರಿತ್ತು. ಜನ ಹೆಚ್ಚಾದರೆ ನೆಲ ಹಾಳು ಎನ್ನುವವರಿಗೆ 1994ರಲ್ಲಿ ಬಂದ ಅವರ ಪುಸ್ತಕ ದೊಡ್ಡ ಏಟು ಕೊಟ್ಟಿತು.

ಇಲ್ಲಿಗೆ ಕಥೆ ಮುಗಿಸಿದರೆ ಚಂದ. ಆದರೆ ಅದು ಪೂರ್ತಿ ನಿಜವಲ್ಲ. ಆಮೇಲೆ ಹೋದ ಸಂಶೋಧಕರು ಇನ್ನೊಂದು ಮಗ್ಗುಲು ತೋರಿಸಿದರು. ಮನೆಯಲ್ಲಿ ಒಬ್ಬರು ಪಟ್ಟಣದ ನೌಕರಿಯಲ್ಲಿದ್ದರೆ ಆ ಹೊಲಕ್ಕೆ ಬದು, ಗೊಬ್ಬರ, ಕಾಫಿ ಎಲ್ಲ ಬಂತು. ಅದಿಲ್ಲದವರು ಬಡವರಾಗೇ ಉಳಿದರು, ಕೆಲವರು ಜಮೀನೂ ಮಾರಿದರು. ಜಮೀನಿಗೆ ಪಟ್ಟಾ ಕೊಡುವ ಕಾಲ ಬಂದಾಗ ಬಹುಪಾಲು ಕಾಗದ ಗಂಡಸರ ಹೆಸರಿಗೇ ಆಯಿತು. ಬದು ಹಾಕಿದವರು ಹೆಂಗಸರು, ಪಹಣಿಯಲ್ಲಿ ಗಂಡನ ಹೆಸರು. ಇದು ಬರೀ ಕೀನ್ಯಾದ ಮಾತು ಎಂದು ನಮಗೆ ಬರೆಯಲಾಗುತ್ತಿಲ್ಲ.

ಬಯಲು ಸೀಮೆಯ ಕಡೆ ನೀರಿನ ಪಾಡೇ ಬೇರೆ. ಅಲ್ಲಿನ ಹಳ್ಳಗಳು ಮಳೆಯಲ್ಲಿ ಒಂದೆರಡು ದಿನ ಭೋರ್ಗರೆದು ಆಮೇಲೆ ಬರೀ ಮರಳು. ಹೆಂಗಸರು ಮರಳಲ್ಲಿ ಒರತೆ ತೋಡಿ ಕೊಡ ತುಂಬುತ್ತಾರೆ. ಇದನ್ನೇ ನೋಡಿಕೊಂಡು ಮರಳು ಅಣೆಕಟ್ಟು ಬಂತು. ಹಳ್ಳಕ್ಕೆ ಅಡ್ಡ ಒಂದು ಕಾಂಕ್ರೀಟ್ ಗೋಡೆ, ಅದರ ಹಿಂದೆ ಪ್ರವಾಹವೇ ಮರಳು ತಂದು ತುಂಬುತ್ತದೆ. ಮರಳಿನ ಕಣಗಳ ನಡುವೆ ನೀರು ನಿಲ್ಲುತ್ತದೆ. ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆಯ ಕಾಟ ಕಡಿಮೆ. ಜೋಶುವಾ ಮುಕುಸ್ಯಾ ಎಂಬವರು 1978ರಲ್ಲಿ ಉಟೂನಿ ಎಂಬಲ್ಲಿ ಕಟ್ಟಿದ ಸ್ವಸಹಾಯ ಗುಂಪು ಮುಂದೆ ಇಂಥ ಅನೇಕ ಅಣೆ ಕಟ್ಟಿತು. ಕಲ್ಲು ಹೊತ್ತದ್ದು ಇಲ್ಲೂ ಊರಿನ ಗುಂಪುಗಳೇ.

ಈಗ ಆ ಮರಳಿಗೇ ಕಣ್ಣು ಬಿದ್ದಿದೆ. ನೈರೋಬಿಯಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಉಕಂಬಾನಿಯ ಹಳ್ಳಗಳಿಂದ ಲಾರಿಗಟ್ಟಲೆ ಮರಳು ಹೋಗುತ್ತದೆ. ಮರಳು ಎತ್ತಿದ ಹಳ್ಳದಲ್ಲಿ ಒರತೆ ತೋಡಿದರೆ ನೀರಿಲ್ಲ, ಬಂಡೆ ಸಿಗುತ್ತದೆ. ದಡ ಕುಸಿಯುತ್ತದೆ. ಲಾರಿ ತುಂಬುವುದು ಅದೇ ಊರಿನ ಕೆಲಸವಿಲ್ಲದ ಹುಡುಗರು, ಅವರಿಗೆ ಅವತ್ತಿನ ಕೂಲಿ. 1992ರಲ್ಲಿ ಮಚಾಕೋಸ್‌ನಿಂದ ಬೇರೆಯಾದ ಮಕುವೇನಿ, ಮರಳಿನ ಮೇಲೆ ಹಿಡಿತ ತರಲು 2015ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿದೆ. ಮೊದಲು ಊರ ಬಳಕೆ, ಆಮೇಲೆ ಮಾರಾಟ ಎಂಬುದು ಅದರ ಉದ್ದೇಶ. ಕಾನೂನು ಬಂದ ಮೇಲೂ ರಾತ್ರಿ ಹೊತ್ತು ಲಾರಿ ಓಡುವ ಸುದ್ದಿ ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.