ಒಲೆ ಕಟ್ಟಿದವರು ಬಹಳ, ಸಾರಿಸುವವರು ಯಾರು?

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಒಲೆಯೊಳಗಿನ ಬೂದಿಯನ್ನೆಲ್ಲ ಎಳೆದು ಹಾಕಿ, ಬಿರುಕಿಗೆ ಮಣ್ಣು ಮೆತ್ತಿ, ಕೆಮ್ಮಣ್ಣು ಸುಣ್ಣ ಬಳಿಯುತ್ತಾರೆ. ಜನ ಇದನ್ನು ಹಬ್ಬವೆಂದೇ ಬಲ್ಲರು. ಆದರೆ ಇದು ಚಳಿಗಾಲಕ್ಕೆ ಮುನ್ನ, ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಒಲೆಯ ದುರಸ್ತಿಯೂ ಹೌದು.

ಸೂಳೆಕೆರೆಯ ಸಮೀಪದ ಕೆರೆಬಿಳಚಿಯೂ ಸೇರಿದಂತೆ ಚನ್ನಗಿರಿ ಸೀಮೆಯ ಊರುಗಳಿಗೆ ಇನ್ನೊಂದು ಒಲೆಯ ಪರಿಚಯವೂ ಉಂಟು. ಅದು ಅಡಿಕೆ ಬೇಯಿಸುವ ಒಲೆ. ಕೊಯ್ಲಿನ ದಿನಗಳಲ್ಲಿ ಸುಲಿದ ಹಸಿ ಅಡಿಕೆಯನ್ನು ಚೊಗರಿನ ಜೊತೆ ದೊಡ್ಡ ಹಂಡೆಯಲ್ಲಿ ಬೇಯಿಸಬೇಕು. ಕಟ್ಟಿಗೆ ರಾಶಿಗಟ್ಟಲೆ ಬೇಕು. ಹಂಡೆಗೂ ಒಲೆಯ ಅಂಚಿಗೂ ನಡುವೆ ಸಂದು ಬಿಟ್ಟರೆ ಉರಿಯೆಲ್ಲ ಪಕ್ಕದಿಂದ ಹಾರಿಹೋಗುತ್ತದೆ. ಆದ್ದರಿಂದ ಕೊಯ್ಲಿಗೆ ಮೊದಲೇ ಒಲೆಯನ್ನು ನೋಡಿಕೊಳ್ಳುವುದು ಲಾಭನಷ್ಟದ ಮಾತು.

ಅಡುಗೆಮನೆಯ ಒಲೆಯ ಲೆಕ್ಕವೂ ಇದೇ. ಆದರೆ ಅಲ್ಲಿ ನಷ್ಟ ಕಟ್ಟಿಗೆಯದು ಮಾತ್ರವಲ್ಲ, ಉಸಿರಿನದೂ ಹೌದು.

ಹಳೆಯ ಒಲೆಯ ಗುಣದೋಷ

ಮಣ್ಣಿನ ಒಲೆ, ಪಕ್ಕಕ್ಕೊಂದು ಕೋಡೊಲೆ, ಪಾತ್ರೆ ನಿಲ್ಲಲು ಗುಂಡುಗಳು. ಇಷ್ಟನ್ನು ಮನೆಯ ಹೆಂಗಸರೇ ಕಟ್ಟುತ್ತಿದ್ದರು. ಬೂದಿ ತೆಗೆದು ಸಗಣಿಯಿಂದ ಸಾರಿಸುವುದು ಬೆಳಗಿನ ಮೊದಲ ಕೆಲಸ. ಗುಂಡು ಸವೆದರೆ ಅಂಗಳದ ಮಣ್ಣಿನಿಂದಲೇ ಹೊಸದು. ಅದರ ದುರಸ್ತಿಗೆ ಹೊರಗಿನವರು ಯಾರೂ ಬೇಕಿರಲಿಲ್ಲ ಎಂಬುದೇ ಅದರ ದೊಡ್ಡ ಗುಣ.

ದೋಷವೂ ಸಣ್ಣದಲ್ಲ. ಇಂಥ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಶೇ 10ರ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತದೆ. ಪೂರ್ತಿ ಉರಿಯದ ಕಟ್ಟಿಗೆ ಹೊಗೆಯಾಗಿ ಒಳಗೇ ಸುತ್ತುತ್ತದೆ. ಅಡುಗೆಮನೆಯ ಹೊಗೆಯೂ ಸೇರಿದಂತೆ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಊದುಕೊಳವೆ ಹಿಡಿದು ಕೂತವಳಿಗೂ ಅವಳ ಮಡಿಲ ಮಗುವಿಗೂ ಈ ಹೊಗೆಯಲ್ಲಿ ಹೆಚ್ಚಿನ ಪಾಲು.

ಅಸ್ತ್ರ ಒಲೆ ಬಂತು

ಹೊಗೆಯನ್ನು ಹೊರಗೆ ಕಳಿಸುವ ಯೋಚನೆ ಹಳೆಯದು. ಹೈದರಾಬಾದಿನಲ್ಲಿ ಎಂಜಿನಿಯರ್ ಎಸ್.ಪಿ. ರಾಜು ಅವರು 1950ರ ದಶಕದ ಆರಂಭದಲ್ಲೇ ಹೊಗೆರಹಿತ ಒಲೆಯನ್ನು ರೂಪಿಸಿ ಪ್ರಚಾರ ಮಾಡಿದ್ದರು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಗ್ರಾಮೀಣ ಕೇಂದ್ರವಾಯಿತು. ಹಳ್ಳಿಯ ಮನೆಗಳಲ್ಲಿ ಸೌದೆ ಎಷ್ಟು ಖರ್ಚಾಗುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ ಎಂಬುದನ್ನು ವಿಜ್ಞಾನಿಗಳು ಅಳೆದು ನೋಡಿದರು.

1980ರ ದಶಕದ ಆರಂಭದಲ್ಲಿ ಬಂದ ಅಸ್ತ್ರ ಒಲೆಗೆ ಮೂರು ಪಾತ್ರೆಗಳ ಬಾಯಿ. ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ, ಕೆಳಕ್ಕೆ ಬೂದಿ. ಬಿಸಿಗಾಳಿ ಮೂರೂ ಪಾತ್ರೆಗಳ ತಳ ಮುಟ್ಟಿ ಕೊಳವೆಯಿಂದ ಹೊರಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ 40ರ ಹತ್ತಿರ ಬಂದಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಒಲೆ ಕಟ್ಟುವವರಿಗೆ ತರಬೇತಿ ನೀಡಿ ಇದನ್ನು ಊರೂರಿಗೆ ಒಯ್ದಿತು. 1980ರ ದಶಕದಲ್ಲೇ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಲಾಗಿತ್ತು.

ಹಂಚಿದ ಲೆಕ್ಕ ಸರ್ಕಾರದ ಕಡತದಲ್ಲಿದೆ. ಅವುಗಳಲ್ಲಿ ಎಷ್ಟು ಒಲೆಗಳು ಮೂರನೆಯ ವರ್ಷವೂ ಉರಿದವು ಎಂಬುದೇ ಮುಖ್ಯ ಪ್ರಶ್ನೆ.

ಹೊಗೆ ಮರಳಿ ಬಂದಾಗ

ಕೊಳವೆಯ ಕೆಲಸ ಸರಳ. ಬಿಸಿ ಹೊಗೆ ಹಗುರಾಗಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತದೆ. ಒಳಗೋಡೆಗೆ ಮಸಿ ಕಟ್ಟಿದರೆ ದಾರಿ ಕಿರಿದಾಗುತ್ತದೆ, ಸೆಳೆತ ಕುಂದುತ್ತದೆ. ಹಸಿ ಕಟ್ಟಿಗೆ ಉರಿಸಿದರೆ ಮಸಿ ಇನ್ನೂ ಬೇಗ. ಒಲೆಯ ಮಣ್ಣು ಬಿರಿದರೆ ಆ ಸಂದಿನಿಂದ ತಣ್ಣನೆಯ ಗಾಳಿ ನುಗ್ಗಿ ಕೊಳವೆಯನ್ನು ತಣಿಸುತ್ತದೆ. ಬಾಯಿಗೆ ಸರಿಯಾಗಿ ಕೂರದ ಪಾತ್ರೆ ಇಟ್ಟರೂ ಅದೇ ಫಲ. ಆಗ ಹೊಗೆ ಅಡುಗೆಮನೆಗೇ ವಾಪಸು.

ಇವಕ್ಕೆ ಮದ್ದು ಕಷ್ಟದ್ದಲ್ಲ. ಒಲೆ ಪೂರ್ತಿ ಆರಿದ ಮೇಲೆ ಕೊಳವೆಯೊಳಗೆ ಬ್ರಷ್ ಅಥವಾ ಕೋಲಿಗೆ ಕಟ್ಟಿದ ಗೋಣಿಯನ್ನು ಆಡಿಸಿ ಮಸಿ ಉದುರಿಸಬೇಕು. ಜಾಲರಿಯ ಕೆಳಗೆ ಬೂದಿ ತುಂಬಲು ಬಿಡಬಾರದು. ಬಿರುಕನ್ನು ಕಂಡ ದಿನವೇ ಮೆತ್ತಬೇಕು. ಆದರೆ ಒಡೆದ ಕೊಳವೆಯಾಗಲಿ ಸುಟ್ಟುಹೋದ ಜಾಲರಿಯಾಗಲಿ ಅಂಗಳದ ಮಣ್ಣಿನಲ್ಲಿ ಹುಟ್ಟುವುದಿಲ್ಲ. ಪೇಟೆಯಿಂದ ತರಬೇಕು, ಕಾಸು ಬೇಕು. ಒಲೆ ಕಟ್ಟಿಹೋದವನು ಮತ್ತೆ ಬರಬೇಕು.

ಒಡಿಶಾದಲ್ಲಿ ರೇಮಾ ಹನ್ನಾ, ಎಸ್ತರ್ ಡಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ನಡೆಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ತೋರಿಸಿತು. 44 ಹಳ್ಳಿಗಳ ಸುಮಾರು 2,600 ಕುಟುಂಬಗಳ ಅಧ್ಯಯನವದು. ಸುಧಾರಿತ ಒಲೆ ಬಂದ ಮೊದಲ ವರ್ಷ ಅಡುಗೆ ಮಾಡುವವರ ಉಸಿರಿಗೆ ಸೇರುವ ಹೊಗೆ ತಗ್ಗಿತು. ಆಮೇಲೆ ಆ ಲಾಭ ಕರಗಿತು. ಜನ ಒಲೆಯನ್ನು ಸತತವಾಗಿ ಬಳಸಲಿಲ್ಲ, ದುರಸ್ತಿಗೂ ಗಮನ ಕೊಡಲಿಲ್ಲ ಎಂಬುದು ಸಂಶೋಧಕರು ಕಂಡ ಕಾರಣ. ತಪ್ಪು ಹೆಂಗಸರದೆಂದು ಹೇಳಿಬಿಡುವುದು ಸುಲಭ. ತಲೆತಲಾಂತರದಿಂದ ತಾನೇ ಕಟ್ಟಿ ತಾನೇ ಸಾರಿಸಿದ ಕೈಗೆ, ತಾನು ಕಟ್ಟದ, ಬಿಡಿಭಾಗ ಸಿಗದ ವಸ್ತುವನ್ನು ಕೊಟ್ಟದ್ದನ್ನೂ ನೆನೆಯಬೇಕು.

ನೀಲಿ ಉರಿಯ ಕಾಲ

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಕಟ್ಟಿಗೆಯನ್ನೇ ನಂಬಿದ್ದ ಬಡವರ ಮನೆಗಳಿಗೂ ಗ್ಯಾಸ್ ಬಂದಿದೆ. ಹೊಗೆಯ ಮಟ್ಟಿಗೆ ಇದು ನಿಜವಾದ ಬಿಡುಗಡೆ. ಆದರೂ ಸಿಲಿಂಡರಿನ ಬೆಲೆಗೆ ಅಂಜಿ ಪಕ್ಕದಲ್ಲಿ ಕಟ್ಟಿಗೆ ಒಲೆ ಉಳಿಸಿಕೊಂಡ ಮನೆಗಳು ಕಡಿಮೆಯಿಲ್ಲ. ಸ್ನಾನದ ನೀರಿಗಂತೂ ಹಂಡೆಯೊಲೆ ಬಹಳ ಕಡೆ ಉಳಿದಿದೆ.

ಗ್ಯಾಸ್ ಒಲೆಗೂ ಆರೈಕೆ ತಪ್ಪಿದ್ದಲ್ಲ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಯ ತಳ ಕಪ್ಪಾದರೆ ಗಾಳಿ ಸರಿಯಾಗಿ ಬೆರೆಯುತ್ತಿಲ್ಲವೆಂದು ಅರ್ಥ. ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲು, ಅನ್ನದ ಗಂಜಿ ಒಣಗಿ ಕೂತಿರುತ್ತದೆ. ಒಲೆ ತಣ್ಣಗಾದ ಮೇಲೆ ಬಿಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ ಇಡಬೇಕು. ರಬ್ಬರ್ ಕೊಳವೆಯ ಅವಧಿ ಮುಗಿದಿದೆಯೇ, ಬಿರಿದಿದೆಯೇ ನೋಡಬೇಕು. ಸೋರಿಕೆಯ ಶಂಕೆಯಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಬೇಕೇ ಹೊರತು ಕಡ್ಡಿ ಗೀರಬಾರದು. ರೆಗ್ಯುಲೇಟರಿನ ರಿಪೇರಿ ಮನೆಯವರ ಕೆಲಸವಲ್ಲ, ಅದನ್ನು ಏಜೆನ್ಸಿಯ ಮೆಕ್ಯಾನಿಕ್‌ಗೇ ಬಿಡಬೇಕು.

ಹಳ್ಳಿಗೆ ಹೊಸ ಒಲೆ ಬಂದಾಗಲೆಲ್ಲ ಉದ್ಘಾಟನೆ ನಡೆಯಿತು, ಫೋಟೊ ಬಂತು. ಮೂರು ವರ್ಷದ ನಂತರ ಅದರ ಕೊಳವೆ ನೋಡಲು ಬರುವವರ ಏರ್ಪಾಡು ಮಾತ್ರ ಅಪರೂಪ. ನೀರು ತುಂಬುವ ಹಬ್ಬ ಮಾಡಿದವರಿಗೆ ಇದು ತಿಳಿದಿತ್ತು. ಒಲೆಯ ದುರಸ್ತಿಗೆ ಅವರು ವರ್ಷದಲ್ಲಿ ಒಂದು ದಿನವನ್ನೇ ಗೊತ್ತುಮಾಡಿದ್ದರು.