ಕಾಸ್ಮಿಕ್ ಕಣ ಹಿಡಿಯಲು ಜಿಲ್ಲೆಯಷ್ಟು ನೆಲ, ಗಣಿಯಷ್ಟು ಆಳ

ಕಾಸ್ಮಿಕ್ ಕಿರಣ ಅಂತ ಹೆಸರಿದ್ದರೂ ಅದು ಬೆಳಕಿನಂಥ ಕಿರಣವಲ್ಲ, ಬಾಹ್ಯಾಕಾಶದಿಂದ ಬರುವ ಕಣ. ಹೆಚ್ಚಿನವು ಪ್ರೋಟಾನ್‌ಗಳು. ಅವು ನೇರ ನೆಲಕ್ಕೆ ಬರೋದಿಲ್ಲ. ಮೇಲಿನ ಗಾಳಿಯಲ್ಲೇ ಯಾವುದೋ ಪರಮಾಣುವಿನ ನ್ಯೂಕ್ಲಿಯಸ್‌ಗೆ ಬಡಿದು ಹೊಸ ಕಣಗಳನ್ನು ಹುಟ್ಟಿಸುತ್ತವೆ, ಅವು ಮತ್ತೆ ಬಡಿಯುತ್ತವೆ. ಅತಿ ಹೆಚ್ಚು ಶಕ್ತಿಯ ಒಂದೇ ಕಣದಿಂದ ಕೋಟಿಗಟ್ಟಲೆ ಕಣಗಳ ಮಳೆ ಹಲವು ಕಿಲೋಮೀಟರ್ ಅಗಲಕ್ಕೆ ಸುರಿಯುತ್ತದೆ. ಈ ಸರಪಳಿಯ ಲೆಕ್ಕವನ್ನು 1937ರಲ್ಲಿ ಕೊಟ್ಟವರು ಹೋಮಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್. ಮುಂದೆ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು ಇದೇ ವಿಷಯದ ಮೇಲೆ ಕೆಲಸ ಮಾಡಿದರು.

ಅಂದರೆ ಹಿಡಿಯಬೇಕಾದ್ದು ಮೂಲ ಕಣವನ್ನಲ್ಲ, ಮಳೆಯನ್ನು. ನೆಲದ ಮೇಲೆ ದೂರದೂರಕ್ಕೆ ಉಪಕರಣ ಇಡುತ್ತಾರೆ. ಯಾವುದಕ್ಕೆ ಮೊದಲು ಕಣ ತಾಗಿತು, ಯಾವುದಕ್ಕೆ ಆಮೇಲೆ ಅನ್ನೋದನ್ನು ನ್ಯಾನೋಸೆಕೆಂಡ್ ಲೆಕ್ಕದಲ್ಲಿ ನೋಡಿದರೆ ದಿಕ್ಕು ಸಿಗುತ್ತದೆ, ಎಷ್ಟು ಕಣ ಬಿದ್ದವು ಅನ್ನೋದರಿಂದ ಶಕ್ತಿ. ತೊಂದರೆ ಏನಂದ್ರೆ, ಅತ್ಯಂತ ಬಲಶಾಲಿ ಕಣಗಳು ಒಂದು ಚದರ ಕಿಲೋಮೀಟರಿಗೆ ನೂರು ವರ್ಷದಲ್ಲಿ ಒಂದೂ ಬೀಳೋದಿಲ್ಲ. ಹಾಗಾಗಿ ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 1,600ಕ್ಕೂ ಹೆಚ್ಚು ನೀರಿನ ಟ್ಯಾಂಕುಗಳನ್ನು ಒಂದೂವರೆ ಕಿಲೋಮೀಟರಿಗೊಂದರಂತೆ 3,000 ಚದರ ಕಿಲೋಮೀಟರಿನಲ್ಲಿ ಹರಡಿದೆ. ನಾನಿರುವ ಅಸುಂಡಿಯಿಂದ ಅಳೆದು ಹೇಳೋದಾದ್ರೆ, ನಮ್ಮ ಗದಗ ಜಿಲ್ಲೆಯ ಮೂರರಲ್ಲಿ ಎರಡು ಪಾಲು. 2021ರ ಮೇ 27ರಂದು ಅಮೆರಿಕದ ಯೂಟಾದಲ್ಲಿ ಸಿಕ್ಕ 'ಅಮತೆರಾಸು' ಕಣದಲ್ಲಿ ನಾಲ್ಕು ಕೆಜಿ ಜೋಳವನ್ನು ಒಂದು ಮೀಟರ್ ಎತ್ತುವಷ್ಟು ಶಕ್ತಿಯಿತ್ತು. ಅದು ಬಂದ ದಿಕ್ಕಿನಲ್ಲಿ ನೋಡಿದರೆ ಹೆಚ್ಚೂಕಡಿಮೆ ಖಾಲಿ ಜಾಗ!

ಈ ವಿಜ್ಞಾನದಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಕೋಲಾರ ಚಿನ್ನದ ಗಣಿಯಲ್ಲಿ 1950ರ ದಶಕದಿಂದಲೇ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಮ್ಯೂಆನ್ ಕಣಗಳನ್ನು ಅಳೆಯಿತು. ಮುಂದೆ ಮೇಲೆ ಕಣವೃಷ್ಟಿ ಹಿಡಿಯುವ ಉಪಕರಣ, ಕೆಳಗೆ ಮ್ಯೂಆನ್ ಉಪಕರಣ ಇಟ್ಟರು. ನಡುವಿನ ಬಂಡೆಯೇ ಜರಡಿ: ಹೆಚ್ಚು ಶಕ್ತಿಯ ಮ್ಯೂಆನ್ ಮಾತ್ರ ಇಳಿಯುತ್ತದೆ. ಅಮತೆರಾಸುವಿನಂಥ ಕಣಕ್ಕೆ ಈ ಏರ್ಪಾಡು ತೀರಾ ಸಣ್ಣದು, ನಿಜ. ಆದರೆ 1965ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ, ಕಾಸ್ಮಿಕ್ ಕಣಗಳಿಂದ ವಾತಾವರಣದಲ್ಲೇ ಹುಟ್ಟುವ ನ್ಯೂಟ್ರಿನೋದ ಗುರುತು ಸಿಕ್ಕಿದ್ದು ಇಲ್ಲೇ.

ಆ ಆಳವನ್ನು ತೋಡಿದವರು ಯಾರು? ಬಹುಪಾಲು ತಮಿಳು, ತೆಲುಗು ಮಾತಾಡುವ ದಲಿತ ಕಾರ್ಮಿಕರು. ಅವರಿಲ್ಲದೆ ಆ ಪ್ರಯೋಗವೇ ಇಲ್ಲ. ವಿಜ್ಞಾನದ ಇತಿಹಾಸ ಹೇಳುವಾಗ ಇದನ್ನು ಬಿಡೋದು ನನಗೆ ಸಣ್ಣ ಮರೆವು ಅನ್ಸಲ್ಲ. ಪ್ರಯೋಗಗಳು 1990ರ ದಶಕದಲ್ಲಿ ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು. ಊಟಿಯ ಗ್ರೇಪ್ಸ್-3 ಕಣವೃಷ್ಟಿಯ ಕೆಲಸ ಮುಂದುವರಿಸಿದೆ. ಕೋಲಾರದ ಸುರಂಗಗಳಲ್ಲಿ ಈಗ ನೀರು ತುಂಬಿದೆ, ಸಯನೈಡ್ ದಿಬ್ಬಗಳ ಧೂಳು ಕಾರ್ಮಿಕರ ಲೈನ್ ಮನೆಗಳ ಮೇಲೆ ಬೀಳುತ್ತಲೇ ಇದೆ.